ರಸ್ತೆ ಯಾರದ್ದು, ನೀರು ಎಲ್ಲಿಗೆ?

ಸಂಪಾದಕರ ಉತ್ತರ

ಆತ್ಮೀಯರೇ,

ನಿಮ್ಮ ಪತ್ರ ಮತ್ತು ಅದರ ಜೊತೆಗಿದ್ದ ಫೋಟೊಗಳು ತಲುಪಿದವು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪಂಚಾಯ್ತಿಯ ಹೆಸರನ್ನೂ ಬಿಟ್ಟಿದ್ದೇವೆ.

ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚುಟುಕಾಗಿ ಹೇಳುತ್ತೇನೆ. ಶಿರಸಿ ನಗರಸಭೆಯ ಗಡಿ ದಾಟಿದ ಕೂಡಲೇ ಬರುವ ಒಂದು ಬಡಾವಣೆಯಲ್ಲಿ ನಿಮ್ಮ ಮನೆ. ಒಳರಸ್ತೆ ಇನ್ನೂ ಡಾಂಬರು ಕಂಡಿಲ್ಲ. ಪಂಚಾಯ್ತಿಗೆ ಹೋದರೆ ‘ಅದು ಖಾಸಗಿ ಲೇಔಟು’ ಎನ್ನುತ್ತಾರೆ. ಲೇಔಟು ಮಾಡಿದವರು ಫೋನ್ ಎತ್ತುವುದಿಲ್ಲ. ಬೀದಿದೀಪ ಕೇಳಿದರೆ ವಿದ್ಯುತ್ ಕಚೇರಿಯವರು ಪಂಚಾಯ್ತಿ ಕಡೆ ಕೈ ತೋರಿಸುತ್ತಾರೆ, ಪಂಚಾಯ್ತಿಯವರು ಅವರ ಕಡೆ. ಊರ ರಸ್ತೆಗೆ ಹಾಕಿದ್ದ ಕಾಂಕ್ರೀಟನ್ನು ನೀರಿನ ಪೈಪಿಗೆಂದು ಕತ್ತರಿಸಿ ಹಾಗೇ ಬಿಟ್ಟಿದ್ದಾರೆ. ಈಗ ಕಸಕ್ಕೆ ತಿಂಗಳ ಶುಲ್ಕ ಬೇರೆ. ‘ನಮ್ಮನ್ನು ನಗರಸಭೆಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ, ಅದಕ್ಕೊಂದು ಲೇಖನ ಬರೆಯಿರಿ’ ಎಂದು ಪತ್ರ ಮುಗಿಸಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ವರ್ಷ ವರ್ಷ ತೆರಿಗೆ ಕಟ್ಟುವವರು ಜುಲೈ ತಿಂಗಳಲ್ಲಿ ಮಗುವನ್ನು ಎತ್ತಿಕೊಂಡು, ರಾಡಿಯಲ್ಲಿ ಕಾಲು ಹುಗಿಸಿಕೊಂಡು ಶಾಲೆ ಬಸ್ಸಿನ ತನಕ ನಡೆಯಬೇಕು ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನೀವು ಕೇಳಿದ ಲೇಖನವನ್ನು ಈಗ ಬರೆಯುವುದಿಲ್ಲ. ನಗರಸಭೆಯ ಮಾತಿಗೆ ಮುಂಚೆ ನಿಮ್ಮ ಕೈಯಲ್ಲಿ ಒಂದು ಕಾಗದ ಇರಬೇಕು. ಅದು ಇದೆಯೋ ಇಲ್ಲವೋ ನಿಮ್ಮ ಪತ್ರದಿಂದ ಗೊತ್ತಾಗಲಿಲ್ಲ.

ಲೇಔಟು ಮಾಡುವವರು ಮೊದಲು ಜಮೀನಿಗೆ ಎನ್‌ಎ ಮಾಡಿಸಬೇಕು. ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ. ಆಮೇಲೆ ನಕ್ಷೆ ಪಾಸು ಆಗಬೇಕು. ರಸ್ತೆ, ಗಟಾರ, ನೀರು, ಕರೆಂಟು ಮಾಡಿಕೊಡಬೇಕು. ಕೊನೆಗೆ ರಸ್ತೆಯ ಜಾಗ, ಪಾರ್ಕಿನ ಜಾಗವನ್ನು ನೋಂದಣಿಯಾದ ಪತ್ರದ ಮೂಲಕ ಪಂಚಾಯ್ತಿಗೆ ಬಿಟ್ಟುಕೊಡಬೇಕು. ಎಷ್ಟೋ ಕಡೆ ಈ ಕೊನೆಯ ಕೆಲಸ ಆಗಿರುವುದಿಲ್ಲ. ಸೈಟು ಮಾರಾಟವಾಗಿ ದುಡ್ಡು ಬಂತು, ಮಾರಿದವರು ಹೋದರು. ರಸ್ತೆ ಮಾತ್ರ ಪಹಣಿಯಲ್ಲಿ ಅವರ ಹೆಸರಲ್ಲೇ ಉಳಿಯಿತು. ಖಾಸಗಿ ಜಾಗಕ್ಕೆ ಸರ್ಕಾರದ ದುಡ್ಡು ಹಾಕಿದರೆ ನಾಳೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಅವರ ಹೆದರಿಕೆ ಸುಳ್ಳಲ್ಲ.

ಹಾಗಾಗಿ ಮೊದಲು ನಿಮ್ಮ ರಸ್ತೆ ಯಾವ ಸರ್ವೆ ನಂಬರಿನಲ್ಲಿ ಇದೆ ಎಂದು ತಿಳಿದುಕೊಂಡು ಪಹಣಿ ತೆಗೆಸಿ. ಮಾಲೀಕರ ಹೆಸರಿರುವ ಕಾಲಂ 9 ನೋಡಿ. ಅಲ್ಲಿ ಪಂಚಾಯ್ತಿ ಅಂತ ಇದ್ದರೆ ‘ಖಾಸಗಿ ಲೇಔಟು’ ಎಂಬ ಮಾತು ಅಲ್ಲಿಗೇ ಮುಗಿಯಿತು. ಲೇಔಟು ಮಾಡಿದವರ ಹೆಸರೇ ಇದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು. ಪಾಸಾದ ನಕ್ಷೆ ಕೇಳಿ, ಹಸ್ತಾಂತರ ಪತ್ರ ಕೇಳಿ. ಸೈಟುಗಳನ್ನು ಬಿಡುಗಡೆ ಮಾಡುವಾಗ ‘ರಸ್ತೆ, ಗಟಾರದ ಕೆಲಸ ಮುಗಿದಿದೆ’ ಎಂದು ಸಹಿ ಹಾಕಿದ ದಾಖಲೆಯ ಪ್ರತಿಯನ್ನೂ ಕೇಳಿ. ಕೆಲಸ ಆಗದೆಯೇ ಆ ಸಹಿ ಬಿದ್ದಿದ್ದರೆ ನಿಮ್ಮ ಜಗಳ ಪಂಚಾಯ್ತಿ ಮೆಂಬರ ಜೊತೆ ಅಲ್ಲ, ಆ ಸಹಿ ಹಾಕಿದ ಕಚೇರಿಯ ಜೊತೆ. ಎಲ್ಲ ಮನೆಯವರೂ ಸೇರಿ ಹೋಗಿ. ಒಬ್ಬರೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ, ಇಪ್ಪತ್ತು ಜನ ಹೋದರೆ ಕುಳಿತುಕೊಳ್ಳಿ ಅನ್ನುತ್ತಾರೆ.

ಇನ್ನು ದುಡ್ಡಿನ ಮಾತು. ಪಂಚಾಯ್ತಿಗೆ ಲಕ್ಷಗಟ್ಟಲೆ ಬರುತ್ತದಲ್ವಾ, ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. 2021ರಿಂದ 2026ರ ಅವಧಿಗೆ ಹದಿನೈದನೇ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಬಾಕಿ ಶೇ. 40ರಲ್ಲಿ ರಸ್ತೆಯೂ ಬರಬೇಕು, ಉಳಿದ ಕೆಲಸವೂ ಬರಬೇಕು. ಆ ದುಡ್ಡಿಗೆ ಹಳ್ಳಿಯ ಎಲ್ಲ ಕೇರಿಗಳೂ ಕಾಯುತ್ತಿರುತ್ತವೆ. ಆದರೆ ನೈರ್ಮಲ್ಯ ಎಂದರೆ ಕಸ ಮತ್ತು ಶೌಚಾಲಯ ಮಾತ್ರ ಅಲ್ಲ. ಮನೆಗಳಿಂದ ಹೊರಬರುವ ಬಚ್ಚಲು ನೀರಿನ ವಿಲೇವಾರಿಯೂ ಅದರಲ್ಲೇ ಬರುತ್ತದೆ. ಗಟಾರದ ಬೇಡಿಕೆಗೆ ಅಲ್ಲೊಂದು ದಾರಿ ಇದೆ. ನೀವು ಡಾಂಬರು ಕೇಳುತ್ತಿದ್ದೀರಿ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಗಟಾರ ಕೇಳುತ್ತಿದ್ದೆ.

ಯಾಕೆ ಅಂತ ನೀವು ಕಳಿಸಿದ ಮೂರನೇ ಫೋಟೊದಲ್ಲೇ ಇದೆ. ಅದನ್ನು ಬಹಳ ಹೊತ್ತು ನೋಡಿದೆ. ರಸ್ತೆಯ ಎಡಕ್ಕೆ ಮಣ್ಣಿನ ಗಟಾರ, ಸುಮಾರು ಎರಡಡಿ ಅಗಲ. ಪ್ರತಿ ಗೇಟಿನ ಮುಂದೆ ಕಾರು ಹತ್ತಿಸಲು ಗಟಾರದ ಮೇಲೆ ಕಾಂಕ್ರೀಟಿನ ಇಳಿಜಾರು. ಅದರ ಅಡಿಯಲ್ಲಿ ನೀರು ಹೋಗಲಿ ಎಂದು ಆರಿಂಚಿನ ಪಿವಿಸಿ ಪೈಪು. ಪೈಪಿನ ಬಾಯಿಗೆ ಅಕೇಶಿಯಾ ಎಲೆ, ಹಾಲಿನ ಪ್ಯಾಕೆಟ್ಟು, ಕೆಂಪು ಮಣ್ಣು ಸೇರಿ ಗಟ್ಟಿ ಮುಚ್ಚಳ ಆಗಿದೆ. ನೀರು ರಸ್ತೆಗೆ ಏರಿದೆ, ಖಡಿಯನ್ನೆಲ್ಲ ಎಬ್ಬಿಸಿಕೊಂಡು ಹೋಗಿ ತಗ್ಗಿನ ಮನೆಯ ಕಂಪೌಂಡಿಗೆ ಒಟ್ಟಿದೆ. ಎರಡಡಿ ಅಗಲ, ಒಂದೂವರೆ ಅಡಿ ಆಳದ ಗಟಾರದ ಬಾಯಿಯನ್ನು ಲೆಕ್ಕ ಹಾಕಿ ನೋಡಿ. ಆರಿಂಚಿನ ಪೈಪು ಅದರ 15ರಲ್ಲಿ 1 ಪಾಲೂ ಇಲ್ಲ. ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಬೀಳುವ ಊರಿದು. ಆ ಮಳೆಯಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಬಿಡುತ್ತದೆ. ಇಂಥ ಕಡೆ ಗಟಾರ ಇಲ್ಲದೆ ಹಾಕಿದ ಡಾಂಬರು ಒಂದು ಮಳೆಗಾಲ ತಡೆದರೆ ಹೆಚ್ಚು. ಡಾಂಬರಿಗೆ ನೀರೇ ವೈರಿ. ಅಡಿಯ ಮಣ್ಣು ನೆನೆದು ಮೆತ್ತಗಾಯಿತೆಂದರೆ ಮೇಲಿನ ಪದರ ಎಷ್ಟು ದಪ್ಪ ಇದ್ದರೂ ಕುಸಿಯುತ್ತದೆ.

ಆ ಇಳಿಜಾರುಗಳನ್ನು ಕಟ್ಟಿದ್ದು ಪಂಚಾಯ್ತಿ ಅಲ್ಲ, ಬಡಾವಣೆಯ ಮನೆಯವರೇ. ಇದನ್ನು ಹೇಳಲೇಬೇಕು. ಕಾಂಕ್ರೀಟ್ ಒಡೆದು, ಬೇಕಾದಾಗ ಎತ್ತಿ ತೆಗೆಯುವಂಥ ಚಪ್ಪಡಿ ಹಾಕಿಸಿಕೊಳ್ಳಿ. ಗಟಾರ ಪೂರ್ತಿ ಅಗಲಕ್ಕೆ ತೆರೆದಿರುತ್ತದೆ, ಕಾರೂ ಒಳಗೆ ಹೋಗುತ್ತದೆ. ಮೇ ಕೊನೆಯ ವಾರ ಚಪ್ಪಡಿ ಎತ್ತಿ ಹೂಳು ತೆಗೆದರೆ ಆಯಿತು. ಇದಕ್ಕೆ ಯಾರ ಅನುದಾನವನ್ನೂ ಕಾಯಬೇಕಿಲ್ಲ.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಂಗತಿಗೆ ಬರುತ್ತೇನೆ. ನಾಲ್ಕನೇ ಫೋಟೊದಲ್ಲಿ ಗಟಾರ ಬಡಾವಣೆಯ ಕೊನೆಯ ಕಂಪೌಂಡಿನ ಹತ್ತಿರ ಬಂದು ನಿಂತುಹೋಗಿದೆ. ಅದರಾಚೆ ಗದ್ದೆ, ಗದ್ದೆಯಾಚೆ ಹಂಚಿನ ಮನೆಗಳು. ಈ ನೀರಿನಿಂದ ಆ ಕೇರಿಗೆ ಏನಾಗುತ್ತಿದೆ ಎಂಬ ಸುದ್ದಿಯೇ ನಿಮ್ಮ ಪತ್ರದಲ್ಲಿ ಇಲ್ಲ. ಬಡಾವಣೆ ಆಗುವ ಮೊದಲು ಆ ಗುಡ್ಡದಲ್ಲಿ ಮರ ಇತ್ತು, ಹುಲ್ಲು ಇತ್ತು, ಮಳೆ ನೀರು ಅರ್ಧಕ್ಕರ್ಧ ಇಂಗುತ್ತಿತ್ತು. ಈಗ ಅಲ್ಲಿ ಮನೆಯ ತಾರಸಿ, ಸಿಮೆಂಟಿನ ಅಂಗಳ. ಬಿದ್ದ ನೀರೆಲ್ಲ ಒಂದೇ ಸಲ ಕೆಳಗಿನ ಗದ್ದೆಗೆ ನುಗ್ಗುತ್ತದೆ, ಜೊತೆಗೆ ಬಚ್ಚಲು ನೀರು, ಕಲ್ಲು, ಪ್ಲಾಸ್ಟಿಕ್ಕು. ನಿಮ್ಮ ಗಟಾರಕ್ಕೆ ಕಾಂಕ್ರೀಟ್ ಹಾಕಿದರೆ ಆ ನೀರು ಇನ್ನೂ ಜೋರಾಗಿ ಹೋಗುತ್ತದೆ. ಹಾಗಾಗಿ ಗಟಾರ ಕೇಳುವಾಗ ಅದು ಹಳ್ಳ ಸೇರುವ ತನಕ ಕೇಳಿ. ಕೆಳಗಿನ ಕೇರಿಯವರನ್ನು ಜೊತೆಗೆ ಕರೆದುಕೊಂಡು ಕೇಳಿ. ಅವರ ಗದ್ದೆ ಹಾಳಾಗುವ ಗಟಾರಕ್ಕೆ ಪಂಚಾಯ್ತಿ ಒಪ್ಪಿದರೂ ನಾವು ಒಪ್ಪುವುದಿಲ್ಲ.

ಅವರ ಜೊತೆ ಸೇರಿದರೆ ನಿಮಗೂ ಬಲ ಬರುತ್ತದೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಹಳ್ಳಿಯ ಮತದಾರರೆಲ್ಲರೂ ಅದರ ಸದಸ್ಯರೇ. ಕ್ರಿಯಾ ಯೋಜನೆಗೆ ಕಾಮಗಾರಿ ಸೇರುವುದು ಅಲ್ಲಿಂದ. ಹೊಸ ಬಡಾವಣೆಗಳ ಜನ ಗ್ರಾಮ ಸಭೆಗೆ ಹೋಗುವುದು ಕಡಿಮೆ. ಪೇಟೆಯಲ್ಲಿ ಕೆಲಸ, ಪೇಟೆಯಲ್ಲಿ ಶಾಲೆ, ಎಷ್ಟೋ ಜನರ ಓಟೂ ಹಳೇ ಊರಲ್ಲೇ. ಓಟರ್ ಲಿಸ್ಟಿನಲ್ಲಿ ಹೆಸರಿಲ್ಲದ ಬೀದಿಗೆ ಮೆಂಬರು ಯಾಕೆ ಬಂದಾರು? ನಿಮ್ಮ ಓಟು ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಜಮಾಬಂದಿಯೂ ಇರುತ್ತದೆ. ಅಲ್ಲಿ ಹಿಂದಿನ ವರ್ಷದ ಜಮಾಖರ್ಚನ್ನು ಜನರ ಎದುರು ಇಡಬೇಕು. ‘ದುಡ್ಡು ಎಲ್ಲಿ ಹೋಯಿತು’ ಎಂಬ ಪ್ರಶ್ನೆಯ ಜಾಗ ಅದು.

ಕೇರಿಗೆ ಇಳಿಯುವ ದಾರಿಯ ಒಂದು ತುಣುಕು ಅರಣ್ಯ ಜಾಗ, ಅಲ್ಲಿ ಖಡಿ ಹಾಕಲೂ ಬಿಡುತ್ತಿಲ್ಲ ಎಂದು ಒಂದು ಸಾಲು ಬರೆದಿದ್ದೀರಿ. ಮುಕ್ಕಾಲು ಪಾಲಿಗೂ ಮಿಕ್ಕಿ ಕಾಡಿರುವ ನಮ್ಮ ಜಿಲ್ಲೆಯಲ್ಲಿ ಇದು ಪ್ರತಿ ಊರಿನ ಕಥೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಅರಣ್ಯವಾಸಿಗಳ ಊರಿಗೆ ರಸ್ತೆ, ಕುಡಿಯುವ ನೀರಿನ ಪೈಪು, ವಿದ್ಯುತ್ ಲೈನಿನಂಥ ಸೌಕರ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಲು ಬರುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಅದಕ್ಕೂ ಗ್ರಾಮ ಸಭೆಯ ಶಿಫಾರಸು ಬೇಕು. ಕೇಳುವ ಹಕ್ಕು ಹಳೇ ಕೇರಿಯವರದ್ದು. ಅವರು ಕೇಳಲಿ, ನೀವು ಜೊತೆಗೆ ನಿಲ್ಲಿ.

ಕಾಂಕ್ರೀಟ್ ಕತ್ತರಿಸಿದ ವಿಷಯ. ಮನೆ ಮನೆಗೆ ನಲ್ಲಿ ಕೊಡುವ ಜಲಜೀವನ್ ಮಿಷನ್ 2019ರಲ್ಲಿ ಶುರುವಾದದ್ದು. ಅದರ ಪೈಪಿಗಾಗಿ ರಾಜ್ಯದ ಉದ್ದಗಲಕ್ಕೂ ಹೊಸ ರಸ್ತೆಗಳನ್ನು ಕತ್ತರಿಸಿದ್ದಾರೆ. ಮಾರ್ಚ್ ಒಳಗೆ ಬಿಲ್ ಆಗಬೇಕು ಎಂದು ರಸ್ತೆ ಮೊದಲು, ಟೆಂಡರ್ ತಡವಾಯಿತು ಎಂದು ಪೈಪು ಆಮೇಲೆ. ಪೈಪು, ಗಟಾರ, ಕೊನೆಗೆ ರಸ್ತೆ ಎಂಬ ಕ್ರಮವನ್ನು ಪಂಚಾಯ್ತಿ ಸಭೆಯಲ್ಲಿ ಠರಾವು ಮಾಡಿಸಿ. ಯಾರೇ ರಸ್ತೆ ಅಗೆದರೂ ಮೊದಲು ಠೇವಣಿ ಇಡಬೇಕು, ಸರಿ ಮಾಡಿದ ಮೇಲೆ ವಾಪಸ್ ಪಡೆಯಬೇಕು ಎಂದೂ ಸೇರಿಸಿ. ಈಗ ಬಿಟ್ಟುಹೋದ ಗುಂಡಿಗಳ ವಿಷಯದಲ್ಲಿ ಪೈಪು ಹಾಕಿದ ಗುತ್ತಿಗೆದಾರರ ಅಂದಾಜು ಪಟ್ಟಿಯ ಪ್ರತಿ ಪಡೆಯಿರಿ. ರಸ್ತೆ ಮೊದಲಿನಂತೆ ಮಾಡುವ ಖರ್ಚು ಅದರಲ್ಲಿ ಸೇರಿದ್ದರೆ ಬಿಲ್ ತಡೆಯಿರಿ ಎಂದು ಬರೆದುಕೊಡಬಹುದು.

ಬೀದಿದೀಪದ್ದು ಸಣ್ಣ ಗೊಂದಲ. ಕಂಬ, ತಂತಿ ಹೆಸ್ಕಾಂನದ್ದು. ಬಲ್ಬು ಮತ್ತು ತಿಂಗಳ ಬಿಲ್ಲು ಪಂಚಾಯ್ತಿಯದ್ದು. ದೀಪಕ್ಕೆ ಬೇರೆಯೇ ತಂತಿ ಎಳೆದಿಲ್ಲದಿದ್ದರೆ ಪಂಚಾಯ್ತಿ ಅರ್ಜಿ ಕೊಟ್ಟು ಅಂದಾಜು ಮೊತ್ತ ಕಟ್ಟಬೇಕು. ಅರ್ಜಿ ನೀವು ಕೊಟ್ಟರೆ ಆಗುವುದಿಲ್ಲ, ಪಂಚಾಯ್ತಿಯಿಂದಲೇ ಹೋಗಬೇಕು.

ಕಸದ ಶುಲ್ಕ ಕಟ್ಟಿ. 2016ರ ಘನತ್ಯಾಜ್ಯ ನಿಯಮಗಳೇ ಸ್ಥಳೀಯ ಸಂಸ್ಥೆ ಬಳಕೆದಾರರ ಶುಲ್ಕ ಪಡೆಯಬಹುದು ಎಂದಿದ್ದವು. ಶುಲ್ಕ ಕಟ್ಟಿದ ರಸೀದಿ ಇಟ್ಟುಕೊಂಡು, ಗಾಡಿ ಬಾರದ ವಾರ ಅದನ್ನು ಹಿಡಿದು ಕೇಳಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮ ಬಡಾವಣೆಯಲ್ಲಿ ಬಹಳ ಮನೆಗೆ ಬಾವಿಯೇ ಆಧಾರ ಎಂದಿದ್ದೀರಿ. ಒಳಚರಂಡಿ ಇಲ್ಲ, ಎಲ್ಲರದ್ದೂ ಇಂಗುಗುಂಡಿ. ಬಾವಿಗೂ ಇಂಗುಗುಂಡಿಗೂ 15 ಮೀಟರಾದರೂ ದೂರ ಇರಬೇಕು ಎನ್ನುತ್ತಾರೆ. 30x40 ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ, ಅಂದರೆ 15 ಮೀಟರು ಚಿಲ್ಲರೆ. ನಿಮ್ಮ ಬಾವಿಯಿಂದ ನಿಮ್ಮ ಗುಂಡಿ ದೂರ ಇದ್ದರೂ ಪಕ್ಕದವರ ಗುಂಡಿ ಹತ್ತಿರ ಬಂದಿರುತ್ತದೆ. ನಮ್ಮ ಚಿರೇಕಲ್ಲಿನ ನೆಲದಲ್ಲಿ ನೀರು ಸಂದಿನಲ್ಲಿ ಬೇಗ ಹರಿಯುತ್ತದೆ. ಮಳೆಗಾಲ ಶುರುವಾದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಬಾವಿ ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ, ಮಕ್ಕಳಿಗಂತೂ ಖಂಡಿತ. ರಸ್ತೆ ಒಂದು ವರ್ಷ ತಡವಾದರೆ ತಡೆದುಕೊಳ್ಳಬಹುದು, ಇದನ್ನು ತಡ ಮಾಡಬೇಡಿ.

ಕೊನೆಗೆ ನಗರಸಭೆಗೆ ಸೇರುವ ಮಾತು. ಪೇಟೆ ಬೆಳೆದಿದೆ, ಗಡಿ ಹಳೆಯದು, ಒಂದಲ್ಲ ಒಂದು ದಿನ ಸೇರಿಸುತ್ತಾರೆ. ಆದರೆ ಸೇರಿದ ದಿನವೇ ನಲ್ಲಿಯಲ್ಲಿ ನೀರು ಬರುವುದಿಲ್ಲ. ಶಿರಸಿ ಪೇಟೆ ಕುಡಿಯುವುದು ಕೆಂಗ್ರೆ ಮತ್ತು ಮಾರಿಗದ್ದೆಯ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಹರಿವು ಇಳಿದರೆ ಪೇಟೆಗೇ ಚಿಂತೆ. ಹಳ್ಳಿಯ ನಲ್ಲಿಗೆ ಒಬ್ಬರಿಗೆ ದಿನಕ್ಕೆ 55 ಲೀಟರ್, ಒಳಚರಂಡಿ ಇರುವ ಪೇಟೆಗೆ 135 ಲೀಟರ್ ಎಂಬ ಲೆಕ್ಕ ಕಾಗದದ ಮೇಲಿದೆ. ಆದರೆ ಹೊಳೆಯ ನೀರು ಆ ಲೆಕ್ಕಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ತೆರಿಗೆ ಮಾರ್ಗಸೂಚಿ ಬೆಲೆಗೆ ತಕ್ಕಂತೆ ಏರುತ್ತದೆ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಹೋಗುತ್ತದೆ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ಊರುಗಳಿಗೆ. ಶಿರಸಿ ಅದರ ಹತ್ತಿರವೂ ಇಲ್ಲ.

ಸರ್ಕಾರ ಗಡಿ ವಿಸ್ತರಿಸುವ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುತ್ತದೆ. ಆಗ ಸುಮ್ನೆ ‘ಸೇರಿಸಿ’ ಎಂದು ಸಹಿ ಹಾಕಬೇಡಿ. ಹಳೇ ಕೇರಿ, ಹಳ್ಳದ ತನಕದ ಗಟಾರ, ನೀರಿನ ಹೊಸ ಮೂಲ ಇವನ್ನೆಲ್ಲ ಬರೆದು, ರಸ್ತೆಯ ಹಸ್ತಾಂತರ ಪತ್ರದ ಪ್ರತಿ ಜೊತೆಗಿಟ್ಟು ಕೊಡಿ. ಆ ಪತ್ರ ಇಲ್ಲದಿದ್ದರೆ ನಗರಸಭೆಯ ಎಂಜಿನಿಯರೂ ನಿಮ್ಮ ರಸ್ತೆಯನ್ನು ಖಾಸಗಿ ಎಂದೇ ಬರೆಯುತ್ತಾರೆ.

ಪಹಣಿ ಕೈಗೆ ಬಂದಾಗ ಒಂದು ಜೆರಾಕ್ಸ್ ನಮಗೂ ಕಳಿಸಿ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ನಮ್ಮ ಕಚೇರಿಯಲ್ಲಿ ಸಹಾಯ ಮಾಡುತ್ತೇವೆ. ಕೇರಿಯವರನ್ನೂ ಕರೆದುಕೊಂಡು ಬನ್ನಿ.

ಸಂಪಾದಕ