ಹಾಪ್ಕಿನ್ಸ್ ಲ್ಯಾಬಿಗೆ ಹೊರಟ ಡಾಕ್ಟರಿಗೆ

ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿದ್ದೀರಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲಿನ ಲ್ಯಾಬೊಂದರಿಂದ ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದ ಮೇಲೆ ರಿಸರ್ಚ್ ಫೆಲೋ ಆಫರ್ ಬಂದಿದೆ. ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು, ಹಾಗೇ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಾ ಪಡೆಯುವ ತಜ್ಞ ತರಬೇತಿಗೆ, ದಾಟಿಕೊಳ್ಳಬಹುದಾ ಅಂತ ಕೇಳಿದ್ದೀರಿ. ದಾಟಬಹುದು, ಆದರೆ ಲ್ಯಾಬಿನ ದಾರಿಯೇ ಬೇರೆ, ವಾರ್ಡಿನ ದಾರಿಯೇ ಬೇರೆ. ಹಾಪ್ಕಿನ್ಸ್ ಬ್ಯಾಡ್ಜ್ ಕೊರಳಿಗೆ ಬಿತ್ತು ಅಂದ ಮಾತ್ರಕ್ಕೆ ಎರಡನೆಯದು ಹತ್ತಿರವಾಗುವುದಿಲ್ಲ.

ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿ. ನಮ್ಮ ಕಡೆಯವರು ಎಡವುವುದೇ ಇಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುನಾಥ ಎಚ್. ಬಿ.' ಅಂತಿರುತ್ತದೆ, ಎಚ್ ಅಂದರೆ ಹೊನ್ನಾಳಿ, ಬಿ ಅಂದರೆ ಅಪ್ಪ ಬಸವರಾಜಪ್ಪ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಗ ವೀಸಾದಲ್ಲಿ ಮಂಜುನಾಥ ಅನ್ನುವುದೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಬಂದು ಕೂರುತ್ತದೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿಂದ ಅದು ಸೋಶಿಯಲ್ ಸೆಕ್ಯುರಿಟಿ ಕಾರ್ಡು, ಬ್ಯಾಂಕು, ಪೇ ಸ್ಲಿಪ್ಪು, ಡ್ರೈವಿಂಗ್ ಲೈಸೆನ್ಸು ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಯುಎಸ್‌ಎಂಎಲ್‌ಇ (ಅಮೆರಿಕದ ಡಾಕ್ಟರ್ ಲೈಸೆನ್ಸ್) ಪರೀಕ್ಷೆಯ ಪರ್ಮಿಟ್ಟಿನ ಹೆಸರು ಐಡಿಯ ಹೆಸರಿಗೆ ತಾಳೆಯಾಗದಿದ್ದರೆ ಸೆಂಟರಿನ ಒಳಗೇ ಬಿಡುವುದಿಲ್ಲ. ಹಾಗಾಗಿ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸುವುದಿದ್ದರೆ ಡಿಎಸ್-2019 ಫಾರ್ಮ್ (ಜೆ-1 ವೀಸಾಕ್ಕಾಗಿ ಹಾಪ್ಕಿನ್ಸ್ ಕೊಡುವ ಪತ್ರ) ತಯಾರಾಗುವ ಮುಂಚೆಯೇ ಮಾಡಿಸಿ. ಅದೂ ಇದೂ ಎರಡೆರಡು ಹೆಸರಿನಲ್ಲಿದ್ದರೆ ತಿದ್ದಿಸಲು ಓಡಾಡುವುದು ನೀವೇ. ಡಿಗ್ರಿ ಸರ್ಟಿಫಿಕೇಟು, ಟ್ರಾನ್ಸ್‌ಕ್ರಿಪ್ಟುಗಳನ್ನೂ ಊರಲ್ಲಿರುವಾಗಲೇ ತೆಗೆಸಿ. ಇಲ್ಲಿ ಕೂತು ಜಯನಗರದ ರಾಜೀವ್ ಗಾಂಧಿ ವಿವಿ ಆಫೀಸಿನ ಕೆಲಸ ಮಾಡಿಸುವುದು ಸುಲಭವಲ್ಲ.

ಇನ್ನು ಡಿಎಸ್-2019. ಅದರಲ್ಲಿ 'ರಿಸರ್ಚ್ ಸ್ಕಾಲರ್' ಅಂತಿದ್ದರೆ ರೋಗಿಗಳ ಚಿಕಿತ್ಸೆಗೆ ಕೈ ಹಾಕುವ ಹಾಗಿಲ್ಲ. ಪ್ರೊಫೆಸರು ಪ್ರೀತಿಯಿಂದ 'ಬಾ, ಸ್ವಲ್ಪ ಸಹಾಯ ಮಾಡು' ಅಂದರೂ ಸ್ಟೆತ್ ಪೆಟ್ಟಿಗೆಯಲ್ಲೇ ಇರಲಿ. ವಿಪರ್ಯಾಸ ನೋಡಿ, ಅಮೆರಿಕದಲ್ಲಿ ರೆಸಿಡೆನ್ಸಿ ಪದ್ಧತಿ ಬೇರುಬಿಟ್ಟದ್ದೇ ಈ ಆಸ್ಪತ್ರೆಯಲ್ಲಿ. 1889ರಲ್ಲಿ ಆಸ್ಪತ್ರೆ ತೆರೆಯಿತು, 1893ರಲ್ಲಿ ಮೆಡಿಕಲ್ ಸ್ಕೂಲು. ಇಲ್ಲಿನ ಹಿರಿಯ ವೈದ್ಯರಾಗಿದ್ದ ವಿಲಿಯಂ ಆಸ್ಲರ್, ವಿಲಿಯಂ ಹಾಲ್ಸ್ಟೆಡ್ ಕಾಲದಲ್ಲಿ ಕಲಿಯುವ ಡಾಕ್ಟರುಗಳು ಆಸ್ಪತ್ರೆಯಲ್ಲೇ ವಾಸವಿರುತ್ತಿದ್ದರು, ಅದಕ್ಕೇ ರೆಸಿಡೆಂಟ್ ಅನ್ನುವ ಹೆಸರು.

ರೆಸಿಡೆನ್ಸಿಯ ದಾರಿಗೆ ಬೇಕಾದದ್ದು, ವಿದೇಶದಲ್ಲಿ ಓದಿದ ಡಾಕ್ಟರುಗಳಿಗೆ ಕೊಡುವ ಇಸಿಎಫ್‌ಎಂಜಿ ಸರ್ಟಿಫಿಕೇಟು. ಅದಕ್ಕೆ ಯುಎಸ್‌ಎಂಎಲ್‌ಇಯ ಸ್ಟೆಪ್ 1, ಸ್ಟೆಪ್ 2 ಸಿಕೆ, ಜೊತೆಗೆ ಒಇಟಿ ಮೆಡಿಸಿನ್ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಬರೀ ಪಾಸು-ಫೇಲು. ಹಾಗಾಗಿ ಇಡೀ ಭಾರ ಸ್ಟೆಪ್ 2 ಸ್ಕೋರಿನ ಮೇಲೆ ಬಿದ್ದಿದೆ. ಅರ್ಜಿ ಹಾಕುವುದು ಸೆಪ್ಟೆಂಬರಿನಲ್ಲಿ, ಮ್ಯಾಚ್ (ಯಾರಿಗೆ ಯಾವ ಆಸ್ಪತ್ರೆ ಎಂಬ ಹಂಚಿಕೆ) ಫಲಿತಾಂಶ ಮಾರ್ಚಿನ ಮೂರನೇ ವಾರ, ಕೆಲಸ ಶುರು ಜುಲೈ. ಆಗಸ್ಟಿನಲ್ಲಿ ಬಂದಿಳಿದು ಆಮೇಲೆ ಓದಲು ಕೂತರೆ ಆ ವರ್ಷ ಕೈಬಿಟ್ಟಂತೆಯೇ. ಸ್ಟೆಪ್ 1 ಆದರೂ ಊರಲ್ಲೇ ಮುಗಿಸಿ ಬನ್ನಿ. ಶಿಫಾರಸು ಪತ್ರದ ವಿಷಯ: ಲ್ಯಾಬಿನ ಪಿಎಚ್‌ಡಿ ಬಾಸ್ ಎಷ್ಟೇ ಹೊಗಳಿ ಬರೆದರೂ, ಕ್ಲಿನಿಕ್ಕಿನಲ್ಲಿ ನಿಮ್ಮನ್ನು ಕಣ್ಣಾರೆ ನೋಡಿದ ಅಮೆರಿಕದ ಡಾಕ್ಟರ ಪತ್ರಕ್ಕೆ ತೂಕ ಹೆಚ್ಚು. ಲ್ಯಾಬ್ ಆರಿಸುವಾಗ ಬಾಸ್ ರೋಗಿಗಳನ್ನು ನೋಡುತ್ತಾರಾ ಅಂತ ವಿಚಾರಿಸುವುದು ಅದಕ್ಕೇ.

ಜೆ-1 ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸಾಗಬೇಕೆಂಬ ಷರತ್ತಿನ ಬಗ್ಗೆ ತಲೆಗೊಂದು ಮಾತು ಕೇಳುತ್ತೀರಿ. 2024ರ ಡಿಸೆಂಬರಿನಲ್ಲಿ ಪರಿಷ್ಕರಿಸಿದ ಸ್ಕಿಲ್ಸ್ ಲಿಸ್ಟಿನಲ್ಲಿ (ಯಾವ ದೇಶಕ್ಕೆ ಯಾವ ಪರಿಣತರು ವಾಪಸಾಗಬೇಕೆಂಬ ಅಮೆರಿಕದ ಪಟ್ಟಿ) ಭಾರತ ಇಲ್ಲ, ಆ ಕಾರಣಕ್ಕೆ ಬರುತ್ತಿದ್ದ ಷರತ್ತು ಹೋಯಿತು. ಸರ್ಕಾರಿ ಹಣದ ಮೇಲೆ ಬಂದವರಿಗೆ ಈಗಲೂ ಉಂಟು. ಮುಂದೆ ರೆಸಿಡೆನ್ಸಿಯನ್ನೂ ಜೆ-1ರಲ್ಲೇ ಮಾಡಿದರೆ ಮಾತ್ರ ಷರತ್ತು ತಪ್ಪಿದ್ದಲ್ಲ.

'ಹಾಪ್ಕಿನ್ಸ್ ಈಗ ಫ್ರೀಯಂತೆ' ಅನ್ನುವ ಸುದ್ದಿ ನಂಬಿ ಲೆಕ್ಕ ಹಾಕಬೇಡಿ. ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ 2024ರಲ್ಲಿ ಕೊಟ್ಟ 100 ಕೋಟಿ ಡಾಲರಿನಿಂದ ಮನ್ನಾ ಆದದ್ದು, ಕುಟುಂಬದ ಆದಾಯ 3 ಲಕ್ಷ ಡಾಲರಿಗಿಂತ ಕಡಿಮೆಯಿರುವ ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಮೊದಲ ವೈದ್ಯ ಪದವಿ) ವಿದ್ಯಾರ್ಥಿಗಳ ಫೀಸು. ಫೆಲೋಗಳಿಗೂ ಅದಕ್ಕೂ ಸಂಬಂಧವಿಲ್ಲ.

ಬಂದ ಮೇಲೆ ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಹಾಜರಿ ಹಾಕಿ. ಅವರು ಸೆವಿಸ್‌ನಲ್ಲಿ (ಇಂಥ ವೀಸಾದವರ ಸರ್ಕಾರಿ ದಾಖಲೆ) ನಿಮ್ಮ ಹೆಸರು ಚಾಲೂ ಮಾಡುವ ಮುಂಚೆ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಓಡಿದರೆ ಅರ್ಜಿ ಅಲ್ಲೇ ಕೂರುತ್ತದೆ. ಒಂದು ಹತ್ತು ದಿನ ತಡೆಯಿರಿ. ಮೊದಲ ಸಂಬಳ ತಡವಾಗಬಹುದು, ಎರಡು ತಿಂಗಳ ಖರ್ಚಿಗೆ ಹಣ ಜೊತೆಗಿರಲಿ. ಟಿಬಿ ತಪಾಸಣೆಗೆ ಕರೆದಾಗ ಚರ್ಮದ ಟೆಸ್ಟ್ ಬದಲು ಐಜಿಆರ್‌ಎ ರಕ್ತಪರೀಕ್ಷೆ ಕೇಳಿ. ಚಿಕ್ಕಂದಿನಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯಿಂದ ಚರ್ಮದ ಟೆಸ್ಟ್ ಸುಳ್ಳೇ ಪಾಸಿಟಿವ್ ಬಂದೀತು, ಆಮೇಲೆ ಎಕ್ಸ್‌ರೇ ಅಂತ ಅಲೆದಾಟ.

ಮನೆಗೆ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಕೊಡಬೇಕಿಲ್ಲ. ಮೇರಿಲ್ಯಾಂಡಿನಲ್ಲಿ 2024ರ ಅಕ್ಟೋಬರಿನಿಂದ ಹೊಸ ಬಾಡಿಗೆಗೆ ಡೆಪಾಸಿಟ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಮೀರಬಾರದು. ಆಸ್ಪತ್ರೆಯ ಸುತ್ತಲಿನ ಪೂರ್ವ ಬಾಲ್ಟಿಮೋರ್ ಒಂದೊಂದು ಬೀದಿಗೂ ಬದಲಾಗುತ್ತದೆ, ಫೋಟೋ ನೋಡಿ ದುಡ್ಡು ಕಳಿಸಬೇಡಿ. ಚಾರ್ಲ್ಸ್ ವಿಲೇಜ್ ಅಥವಾ ಮೌಂಟ್ ವೆರ್ನನ್‌ನಲ್ಲಿ ಸಿಕ್ಕರೆ ಒಳ್ಳೆಯದು. ಹೋಮ್‌ವುಡ್ ಕ್ಯಾಂಪಸ್ಸಿನಿಂದ (ಅದೂ ಹಾಪ್ಕಿನ್ಸಿನದೇ) ಪೆನ್ ಸ್ಟೇಷನ್ ಮೇಲೆ ಆಸ್ಪತ್ರೆಗೆ ಹೋಗುವ ಜೆಎಚ್‌ಎಂಐ ಶಟಲ್ ಐಡಿ ತೋರಿಸಿದರೆ ಉಚಿತ. ಅಗ್ಗದ ಮನೆ ಬೇಕೆಂದು ದೂರದ ಓವಿಂಗ್ಸ್ ಮಿಲ್ಸ್‌ಗೆ ಹೋದರೂ ಚಿಂತೆಯಿಲ್ಲ. ಅಲ್ಲಿ ಹತ್ತಿದ ಮೆಟ್ರೋದ ಕೊನೆಯ ಸ್ಟಾಪೇ ಹಾಪ್ಕಿನ್ಸ್ ಆಸ್ಪತ್ರೆ.