ಕ್ಯಾಪ್ಟನ್ ಯಾಕೆ ಹೊರಗೆ ಬರಲಿಲ್ಲ?

ಪ್ರಶ್ನೆ: ಮೇಡಂ, ಕಳೆದ ತಿಂಗಳು ದೆಹಲಿಯಿಂದ ಬೆಂಗಳೂರಿಗೆ ಬರುವಾಗ ಕುಡಿದಿದ್ದ ಒಬ್ಬ ಅರ್ಧ ಗಂಟೆ ರಂಪ ಮಾಡಿದ. ಸಿಬ್ಬಂದಿ ಹುಡುಗಿಯನ್ನು ತಳ್ಳಿದ. ಕ್ಯಾಪ್ಟನ್ ಮೈಕಿನಲ್ಲಿ ಗದರಿಸಿದರೇ ಹೊರತು ಹೊರಗೆ ಬರಲಿಲ್ಲ. ನಮ್ಮ ಬಸ್ಸಾಗಿದ್ದರೆ ಕಂಡಕ್ಟರ್ ಶಿರಾ ಹತ್ತಿರ ಇಳಿಸಿ ಬರುತ್ತಿದ್ದ. ಅದಿರಲಿ, ಕುಡುಕನ ಗಲಾಟೆಯನ್ನು ‘ಭದ್ರತೆಗೆ ಅಪಾಯ’ ಅನ್ನುವುದು ಜಾಸ್ತಿಯಾಯಿತು ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕ್ಯಾಪ್ಟನ್ ಬರದಿದ್ದದ್ದೇ ಸರಿ. ನಾನು ಇಪ್ಪತ್ತೆರಡು ವರ್ಷ ಕ್ಯಾಬಿನ್‌ನಲ್ಲಿ ಕೆಲಸ ಮಾಡಿದವಳು. ಗಲಾಟೆ ಶುರುವಾದರೆ ಇಂಟರ್‌ಫೋನ್‌ನಲ್ಲಿ ಮೊದಲು ಹೇಳುತ್ತಿದ್ದ ಮಾತು, ‘ಬಾಗಿಲು ತೆಗೀಬೇಡಿ ಸರ್.’ 2001ರ ಸೆಪ್ಟೆಂಬರ್ 11ರ ನಂತರ ಕಾಕ್‌ಪಿಟ್ ಬಾಗಿಲನ್ನು ಗುಂಡಿಗೂ ಜಗ್ಗದ ಹಾಗೆ ಮಾಡಿದರು. ಒಳಗಿನವರೇ ತೆಗೆದುಬಿಟ್ಟರೆ ಅಷ್ಟು ಗಟ್ಟಿ ಮಾಡಿ ಏನು ಬಂತು? ಹೊರಗಿನ ಜಗಳ ನಿಜವಾದ ಕುಡುಕನದೋ, ಬಾಗಿಲು ತೆಗೆಸಲು ಹೂಡಿದ ನಾಟಕವೋ, ಒಳಗೆ ಕೂತ ಪೈಲಟ್‌ಗೆ ಹೇಗೆ ಗೊತ್ತಾಗಬೇಕು?

ಇನ್ನು ತಲೆ ಲೆಕ್ಕ. ನಮ್ಮ ದೇಶದಲ್ಲಿ 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ. 180 ಸೀಟಿನ ವಿಮಾನದಲ್ಲಿ ನಾಲ್ಕೇ ಜನ. ಒಬ್ಬನನ್ನು ಹಿಡಿಯಲು ಮೂವರು ಹೋದರೆ ಉಳಿದ 179 ಜನಕ್ಕೆ ಒಬ್ಬಳು. ಆಗ ಟಾಯ್ಲೆಟ್‌ನಲ್ಲಿ ಯಾರೋ ಸಿಗರೇಟು ಹಚ್ಚಿದರೆ? ತುರ್ತು ಬಾಗಿಲಿನ ಹಿಡಿಗೆ ಯಾರೋ ಕೈ ಹಾಕಿದರೆ? ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವೇ ಆ ಬಾಗಿಲನ್ನು ಬಿಗಿದಿಟ್ಟಿರುತ್ತದೆ, ಯಾವ ಪೈಲ್ವಾನನಿಗೂ ಬಗ್ಗುವುದಿಲ್ಲ. ಕೆಳಗೆ ಬಂದಾಗ ಹಾಗಲ್ಲ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ವಿಮಾನ ಇಳಿಯುತ್ತಿತ್ತು. ಸುಮಾರು 200 ಮೀಟರ್ ಎತ್ತರದಲ್ಲಿ ಪ್ರಯಾಣಿಕನೊಬ್ಬ ಬಾಗಿಲು ತೆಗೆದೇಬಿಟ್ಟ. ಬಾಗಿಲು ತೆರೆದಿದ್ದ ಹಾಗೆಯೇ ವಿಮಾನ ಇಳಿಯಬೇಕಾಯಿತು. ಕೆಲವರು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು.

ನಿಮ್ಮ ಕಂಡಕ್ಟರ್ ಮಾಡುವ ಕೆಲಸವನ್ನು ಕ್ಯಾಪ್ಟನ್ ಕೂಡ ಮಾಡಬಹುದು. ನಾಗಪುರದಲ್ಲೋ ಹೈದರಾಬಾದಿನಲ್ಲೋ ಇಳಿಸಿ ಪೊಲೀಸರಿಗೆ ಒಪ್ಪಿಸಬಹುದು. ಅಷ್ಟು ಜನರ ಪ್ರಯಾಣ ಕೆಡುತ್ತದೆ, ಹಾಗಾಗಿ ಕೈ ಮೀರಿದಾಗ ಮಾತ್ರ. ಅದಕ್ಕೆ ಮೊದಲು ಕೈ ಕಟ್ಟಲು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. (ನಮ್ಮನ್ನು ‘ಗಗನಸಖಿ’ ಅಂದವರಿಗೆ ಆ ಪಟ್ಟಿ ಬಿಗಿಯುವ ತರಬೇತಿಯೂ ನಮಗಿದೆ ಅಂತ ಗೊತ್ತಿರಲಿಕ್ಕಿಲ್ಲ.) ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಬಾಯಿ ರಂಪಕ್ಕೆ 3 ತಿಂಗಳವರೆಗೆ, ಕೈ ಮಾಡಿದರೆ 6 ತಿಂಗಳವರೆಗೆ ವಿಮಾನ ಹತ್ತುವಂತಿಲ್ಲ. ಜೀವಕ್ಕೆ ಅಪಾಯ ತಂದರೆ, ಕಾಕ್‌ಪಿಟ್‌ಗೆ ನುಗ್ಗಲು ನೋಡಿದರೆ ಕನಿಷ್ಠ 2 ವರ್ಷ. ತೀರ್ಮಾನಿಸುವ ಸಮಿತಿಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರು.

ಆದರೆ ಸಾಕ್ಷಿ ಬೇಕಲ್ಲ? ಒಮ್ಮೆ ಗಲ್ಫ್‌ನಿಂದ ಮಂಗಳೂರಿಗೆ ಬರುವಾಗ ಒಬ್ಬ ಡ್ಯೂಟಿ ಫ್ರೀ ಬಾಟಲಿ ಗುಟ್ಟಾಗಿ ಖಾಲಿ ಮಾಡಿದ್ದ. ಕೇಳಿದ್ದಕ್ಕೆ ನನ್ನ ಜೊತೆಗಾತಿಯ ಕೆನ್ನೆಗೆ ಬಾರಿಸಿದ. ಸುತ್ತ ಹತ್ತು ಮೊಬೈಲು ಎದ್ದವು. ಇಳಿದ ಮೇಲೆ ಪೊಲೀಸರು ಹೇಳಿಕೆ ಕೇಳಿದಾಗ ಎಲ್ಲರಿಗೂ ಲಗೇಜಿನ ಅವಸರ. ನಿಂತದ್ದು ಒಬ್ಬರೇ, ಮಗಳ ಬಾಣಂತನ ಮುಗಿಸಿ ಬರುತ್ತಿದ್ದ ಬಂಟ್ವಾಳದ ಅಜ್ಜಿ. ‘ನಾನು ಕಣ್ಣಾರೆ ನೋಡಿದ್ದೇನೆ, ಬರೆದುಕೊಳ್ಳಿ’ ಅಂತ ಕುರ್ಚಿ ಎಳೆದು ಕೂತರು.

ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ. ಬೆಂಗಳೂರಲ್ಲಿ ಇಳಿದ ಮೇಲೆ ನೀವು ನಿಂತಿರಾ?