ಎತ್ತರದ ಹಾಲ್‌ನಲ್ಲಿ ತೂಗುಹಾಕುವ ತಂತಿ ಶಿಲ್ಪ: ಕೆಲಸ ಎಲ್ಲಿಂದ ಶುರು ಮಾಡಬೇಕು?

ಗ್ರಂಥಾಲಯದ ಎತ್ತರದ ಹಾಲ್‌ಗೆ ತಂತಿಯ ಶಿಲ್ಪ ಮಾಡಬೇಕು, ಮೊದಲು ಸ್ಕೆಚ್ ಹಾಕಲೋ ತಂತಿ ತರಲೋ ಅಂತ ಕೇಳಿದ್ದೀರಿ. ಎರಡೂ ಆಮೇಲೆ. ಮೊದಲು ಚಾವಣಿ ನೋಡಿ.

ಇಂಥ ಕೆಲಸ ಒಪ್ಪಿಕೊಂಡಾಗೆಲ್ಲ ನಾನು ಮೊದಲು ಕೇಳುವುದು, ಭಾರ ಹೊರುವುದು ಯಾವುದು ಅಂತ. ಫಾಲ್ಸ್ ಸೀಲಿಂಗ್‌ಗೆ ಕೊಕ್ಕೆ ಹಾಕುವುದು ಬೇಡವೇ ಬೇಡ. ಅದರ ಮೇಲಿನ ಸ್ಲ್ಯಾಬ್‌ಗೋ ತೊಲೆಗೋ ಆಂಕರ್ (ಭಾರ ಹಿಡಿಯುವ ಬೋಲ್ಟ್) ಕೂರಬೇಕು. ಅದು ಎಷ್ಟು ತಡೆಯುತ್ತದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಲಿ.

ತೂಕದ ಲೆಕ್ಕ ದೊಡ್ಡವರನ್ನೂ ಬಿಟ್ಟಿಲ್ಲ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ 1977ರಲ್ಲಿ ತೂಗುಹಾಕಿದ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ಮೊಬೈಲ್ (ಗಾಳಿಗೆ ತಿರುಗುವ ತೂಗು ಶಿಲ್ಪ) ಉಕ್ಕಿನದ್ದಾಗಿದ್ದರೆ ಸುಮಾರು 3 ಟನ್ ತೂಗುತ್ತಿತ್ತು. ಅಷ್ಟು ಭಾರ ಒಳಗಿನ ಗಾಳಿಗೆ ಅಲ್ಲಾಡುವುದುಂಟೇ? ಅದನ್ನು ಕಟ್ಟಿಕೊಟ್ಟ ಕಲಾವಿದ ಪಾಲ್ ಮ್ಯಾಟಿಸ್ ಅದರ ರೆಕ್ಕೆಗಳಿಗೆ ಒಳಗೆ ಜೇನುಗೂಡಿನಂತಿರುವ ಅಲ್ಯೂಮಿನಿಯಂ ಹಲಗೆ ಬಳಸಿದರು. ತೂಕ ಸುಮಾರು 420 ಕಿಲೋಗೆ ಇಳಿಯಿತು. ಈಗ ಅದು ನಿಧಾನವಾಗಿ ತಿರುಗುತ್ತದೆ.

ಅಲ್ಯೂಮಿನಿಯಂ ತಂತಿ ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಗುತ್ತದೆ, ಆದರೆ ಮೆತ್ತಗೆ. ಅದಕ್ಕೇ ನಾನು ಒಳಗಿನ ಚೌಕಟ್ಟಿಗೆ ಸ್ಟೇನ್‌ಲೆಸ್ ಸರಳು, ಮೇಲಿನ ಹೆಣಿಗೆಗೆ ಅಲ್ಯೂಮಿನಿಯಂ ಬಳಸುತ್ತೇನೆ. ವೆಲ್ಡಿಂಗ್ ಬರದಿದ್ದರೂ ಚಿಂತೆಯಿಲ್ಲ. ಅಮೆರಿಕದ ಶಿಲ್ಪಿ ರೂತ್ ಅಸಾವಾ 1947ರಲ್ಲಿ ಮೆಕ್ಸಿಕೋದಲ್ಲಿ ಬುಟ್ಟಿ ಹೆಣೆಯುವವರಿಂದ ಕಲಿತ ಕುಣಿಕೆ ಹೆಣಿಗೆಯಲ್ಲೇ ದೊಡ್ಡ ದೊಡ್ಡ ತೂಗು ಶಿಲ್ಪ ಮಾಡಿದರು. ಆ ಕುಣಿಕೆಗಳೇ ಆಕಾರ ಹಿಡಿದು ನಿಲ್ಲುತ್ತವೆ. ಅವರ ಕೆಲಸದ ಫೋಟೋಗಳನ್ನು ಹತ್ತಿರದಿಂದ ನೋಡಿ, ತುಂಬಾ ಕಲಿಯಬಹುದು.

ಪೂರ್ತಿ ಹೆಣೆಯುವ ಮುಂಚೆ ಒಂದು ಮೊಳದಷ್ಟು ಮಾಡಿ, ಅಲ್ಲೇ ಮೇಲೆ ತೂಗುಹಾಕಿ, ಕೆಳಗಿನಿಂದಲೂ ಮೆಟ್ಟಿಲ ಮೇಲಿಂದಲೂ ನೋಡಿ. ಮೇಜಿನ ಮೇಲೆ ಚೆಂದ ಕಾಣುವ ತೆಳು ತಂತಿ ಎತ್ತರದಲ್ಲಿ ಕಾಣಿಸುವುದೇ ಇಲ್ಲ. ಆಗ ತಂತಿ ದಪ್ಪ ಮಾಡಬೇಕು, ಇಲ್ಲವೇ ದೀಪದ ಕೋನ ಬದಲಿಸಬೇಕು. ಗೋಡೆಯ ಮೇಲೆ ಬೀಳುವ ನೆರಳು ಕೆಲವೊಮ್ಮೆ ಶಿಲ್ಪಕ್ಕಿಂತ ಜಾಸ್ತಿ ಮಾತಾಡುತ್ತದೆ.

ಇನ್ನು ಕೇಬಲ್. ಗಂಟು ಹಾಕಲೇಬೇಡಿ. ತುದಿಯನ್ನು ಥಿಂಬಲ್ (ಕೇಬಲ್ ಸವೆಯದಂತೆ ಕಾಯುವ ಲೋಹದ ಬಳೆ) ಸುತ್ತ ಬಳಸಿ, ಫೆರೂಲ್ ಎಂಬ ಸಣ್ಣ ಲೋಹದ ಕೊಳವೆಯೊಳಗೆ ತೂರಿಸಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ತುದಿ ಒಂದೆರಡು ಮಿಲಿಮೀಟರ್ ಆಚೆ ಇಣುಕಬೇಕು. ಒಳಗೇ ಉಳಿದರೆ ಹಿಡಿತ ಕಡಿಮೆಯಾಗಿ ಜಾರಬಹುದು. ಜನ ಓಡಾಡುವ ಜಾಗ ಅಲ್ವಾ, ಹಾಗಾಗಿ ನಾನು ಶಿಲ್ಪದ ಹತ್ತು ಪಟ್ಟು ಭಾರ ತಡೆಯುವ ಕೇಬಲ್ಲನ್ನೇ ಆರಿಸುತ್ತೇನೆ. ಜೊತೆಗೆ ಬೇರೆ ಆಂಕರ್‌ನಿಂದ ಇನ್ನೊಂದು ರಕ್ಷಣಾ ಕೇಬಲ್ ಇರಲಿ. ತಿರುಗಬೇಕಿದ್ದರೆ ಒಂದೇ ಕಡೆ ತೂಗುಹಾಕಿ ಸ್ವಿವೆಲ್ (ಕೇಬಲ್ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ) ಸೇರಿಸಿ. ಸುಮ್ನೆ ನಿಲ್ಲಬೇಕಿದ್ದರೆ ಮೂರು ಕಡೆ ಕಟ್ಟಿ.

ಸ್ಪ್ರಿಂಕ್ಲರ್‌ಗೆ ಅಡ್ಡ ಬರುತ್ತದೆಯೇ ಅಂತ ಅಗ್ನಿ ಸುರಕ್ಷತೆಯವರನ್ನು ಮೊದಲೇ ಕೇಳಿ. ಹೆಣಿಗೆಯ ಸಂದಿಯಲ್ಲಿ ಧೂಳು ಕೂರುತ್ತದೆ. ಬಜೆಟ್‌ನಲ್ಲಿ ಜಾಗ ಇದ್ದರೆ ಒಂದು ವಿಂಚ್ ಈಗಲೇ ಸೇರಿಸಿ, ಕೆಳಗಿಳಿಸಿ ಒರೆಸಬಹುದು.